ಅಪ್‌ಡೇಟ್: ಕಾಕಾನ ಕಾ-ಬಾರ್ ಚಾಕುವಿಗೆ ಹಿಡಿದ ತುಕ್ಕು

ಕಾಕಾ ಕೊಟ್ಟ ಕಾ-ಬಾರ್ ಅನ್ನೋ ಅಮೆರಿಕದ ಸೈನಿಕ ಮಾದರಿ ಚಾಕುವಿನ ಅಲಗಿಗೆ ಕೆಂಪು ಚುಕ್ಕೆ ಬಂದಿದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದ್ದೇ ಸರಿ, ತಪ್ಪೆಲ್ಲ ಚರ್ಮದ ಒರೆಯದ್ದೇ. ಕಲಬುರಗಿ ಬಿಸಿಲಲ್ಲಿ ಏನೂ ಆಗಿರಲಿಲ್ಲ. ಮಳೆ ಹಿಡಿದ ಮೇಲೆ ಒರೆ ತೇವ ಕುಡಿದು ಕೂತಿತ್ತು. ಅಲಗು ಕಾರ್ಬನ್ ಉಕ್ಕು ಅಲ್ವಾ, ಸ್ಟೇನ್‌ಲೆಸ್ ಅಲ್ಲ, ತೇವಕ್ಕೆ ಬೇಗ ತುಕ್ಕು ಹಿಡಿಯುತ್ತೆ.

ಸೂಪರ್ ಮಾರ್ಕೆಟ್ ಹತ್ತಿರ ಸಾಣೆ ಹಿಡಿಯುವವರಿಗೆ ತೋರಿಸಿದೆ. "ಚಕ್ರಕ್ಕ ಹಿಡದ್ರ ಕರಿ ಬಣ್ಣ ಹೋಗ್ತದರಿ, ಮನ್ಯಾಗ ಎಣ್ಣಿ ಹಚ್ಚಿ ತಿಕ್ಕ್ರಿ" ಅಂದರು. ದುಡ್ಡೂ ತಗೊಳ್ಳಲಿಲ್ಲ! ಹೊಲಿಗೆ ಮಷಿನ್ ಎಣ್ಣೆ, ಹಳೇ ಬನಿಯನ್ ತುಂಡು, ಅರ್ಧ ಗಂಟೆ. ಚುಕ್ಕೆ ಹೋದವು, ಮಸುಕು ಕಲೆ ಉಳಿದಿದೆ. ಇರಲಿ ಬಿಡಿ. 1942ರಲ್ಲಿ ಅಮೆರಿಕದ ಮರೀನ್ ಪಡೆ ಒಪ್ಪಿಕೊಂಡ ಮಾದರಿ, 7 ಇಂಚಿನ ಅಲಗು, ಚರ್ಮದ ಬಿಲ್ಲೆ ಪೋಣಿಸಿದ ಹಿಡಿ. ಇದಕ್ಕೆ ಕಲೆ ಇದ್ದರೇ ಚೆಂದ. ಈಗ ಕಪಾಟಿನಲ್ಲಿ ಒರೆ ಬೇರೆ, ಚಾಕು ಬೇರೆ.