ಪೆನಿಸಿಲಿನ್ ಕಂಡುಹಿಡಿಯದ ಫೈಜರ್ ಅದರಿಂದಲೇ ದೊಡ್ಡದಾದದ್ದು ಹೇಗೆ?

ಪ್ರಶ್ನೆ (ಫಾರ್ಮಸಿ ವಿದ್ಯಾರ್ಥಿನಿ): ನಮಸ್ಕಾರ ಸರ್. ಪೆನಿಸಿಲಿನ್‌ ಅನ್ನು ಗುರುತಿಸಿದವರು ಲಂಡನ್ನಿನ ಫ್ಲೆಮಿಂಗ್, ಅದನ್ನು ಔಷಧವಾಗಿಸಿದವರು ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಚೈನ್ ಎಂದು ಓದಿದ್ದೇವೆ. ಹಾಗಿದ್ದರೂ ಎರಡನೆಯ ಮಹಾಯುದ್ಧದ ಪೆನಿಸಿಲಿನ್ ಎಂದರೆ ಅಮೆರಿಕದ ಫೈಜರ್ ಹೆಸರು ಬರುತ್ತದೆ. ಅದರ ಪಾಲು ಏನು?

ಉತ್ತರ (ಪ್ರತಿಜೀವಕ, ಅಂದರೆ ಆಂಟಿಬಯಾಟಿಕ್, ತಯಾರಿಕೆಯಲ್ಲಿ ದುಡಿದು ನಿವೃತ್ತರಾದ ಸೂಕ್ಷ್ಮಜೀವಿ ತಜ್ಞರು): ನಮಸ್ಕಾರ. 1849ರಲ್ಲಿ ಬ್ರೂಕ್ಲಿನ್‌ನಲ್ಲಿ ಆರಂಭವಾದ ಫೈಜರ್, ಸುಮಾರು ನೂರು ವರ್ಷ ಮುಖ್ಯವಾಗಿ ರಾಸಾಯನಿಕಗಳನ್ನು ಸಗಟಾಗಿ ಮಾರುವ ಕಂಪನಿಯಾಗಿತ್ತು. ಅದರ ದೊಡ್ಡ ವ್ಯಾಪಾರ ಸಿಟ್ರಿಕ್ ಆಮ್ಲದ್ದು. ಆ ಆಮ್ಲಕ್ಕೆ ಬೇಕಾದ ನಿಂಬೆಯ ಮೂಲವಸ್ತು ಇಟಲಿಯಿಂದ ಬರುತ್ತಿದ್ದು, ಮೊದಲನೆಯ ಮಹಾಯುದ್ಧದಲ್ಲಿ ಪೂರೈಕೆ ಏರುಪೇರಾದಾಗ, ಕಂಪನಿಯು ಜೇಮ್ಸ್ ಕರಿ ಎಂಬ ರಸಾಯನತಜ್ಞರನ್ನು ನೇಮಿಸಿಕೊಂಡು, ಬೂಷ್ಟಿನ ನೆರವಿನಿಂದ ಸಕ್ಕರೆಯನ್ನೇ ಸಿಟ್ರಿಕ್ ಆಮ್ಲವಾಗಿಸುವ ವಿಧಾನವನ್ನು 1919ರ ಹೊತ್ತಿಗೆ ಕಾರ್ಖಾನೆಯ ಮಟ್ಟಕ್ಕೆ ತಂದಿತು. ಮುಂದೆ ಸಕ್ಕರೆಯ ಜಾಗಕ್ಕೆ ಅಗ್ಗದ ಕಾಕಂಬಿ ಬಂದಿತು. ಕರಿಯವರ ಸಹಾಯಕನಾಗಿ ಹದಿಹರೆಯದಲ್ಲೇ ಕೆಲಸಕ್ಕೆ ಸೇರಿದ ಜಾಸ್ಪರ್ ಕೇನ್ ಅವರನ್ನು ನೆನಪಿಟ್ಟುಕೊಳ್ಳಿ. ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಸಿಗುವುದು ಅಪರೂಪ.

ಪೆನಿಸಿಲಿನ್ ಕೊಡುವ ಬೂಷ್ಟಿಗೆ ಗಾಳಿ ಬೇಕು. ಆದ್ದರಿಂದ ಮೊದಮೊದಲು ಅದನ್ನು ತಟ್ಟೆ, ಸೀಸೆಗಳಲ್ಲಿ, ದ್ರವದ ಮೇಲ್ಮೈಯಲ್ಲಿ ಬೆಳೆಸುತ್ತಿದ್ದರು. ಗ್ಲುಕೋನಿಕ್ ಆಮ್ಲದ ತಯಾರಿಕೆಯಲ್ಲಿ ಆಗಲೇ ಪಳಗಿದ್ದಂತೆ, ಆಳವಾದ ಟ್ಯಾಂಕಿನೊಳಗೆ ಶುದ್ಧೀಕರಿಸಿದ ಗಾಳಿಯನ್ನು ಊದುತ್ತ, ದ್ರವವನ್ನು ಕಲಕುತ್ತ ಬೂಷ್ಟನ್ನು ಮುಳುಗಿಸಿಯೇ ಬೆಳೆಸಬಹುದೆಂದು ಕೇನ್ ವಾದಿಸಿದರು. ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ಹೊರಗಿನ ಬ್ಯಾಕ್ಟೀರಿಯ ಒಂದಿಷ್ಟು ಒಳಸೇರಿದರೂ ಅದು ಸ್ರವಿಸುವ ಕಿಣ್ವ ಟ್ಯಾಂಕಿನ ಪೆನಿಸಿಲಿನ್ನನ್ನೆಲ್ಲ ಒಡೆದುಹಾಕಬಲ್ಲದು. ನೊರೆಯ ಕಾಟ ಬೇರೆ. ಇತ್ತ ಪೆನಿಸಿಲಿನ್ ಬೂಷ್ಟಿನ ಬೀಜಕಣಗಳು ಹಾರಿಹೋಗಿ ಸಿಟ್ರಿಕ್ ಆಮ್ಲದ ತೊಟ್ಟಿಗಳನ್ನು ಕೆಡಿಸಿದರೆ ಕೈಯಲ್ಲಿದ್ದ ವ್ಯಾಪಾರವೂ ಹೋಗುತ್ತಿತ್ತು. ಕಂಪನಿ ಒಡ್ಡಿಕೊಂಡ ನಿಜವಾದ ಅಪಾಯ ಇದೇ ಎಂಬುದು ನನ್ನ ಅಭಿಪ್ರಾಯ.

1943ರ ಸೆಪ್ಟೆಂಬರ್‌ನಲ್ಲಿ ಬ್ರೂಕ್ಲಿನ್‌ನ ಮಾರ್ಸಿ ಅವೆನ್ಯೂನಲ್ಲಿದ್ದ ಹಳೆಯ ಮಂಜುಗಡ್ಡೆ ಕಾರ್ಖಾನೆಯೊಂದನ್ನು ಕೊಂಡು, ಜಾನ್ ಮೆಕೀನ್ ಎಂಬ ಎಂಜಿನಿಯರ್ ಉಸ್ತುವಾರಿಯಲ್ಲಿ ತಲಾ 7,500 ಗ್ಯಾಲನ್ನಿನ 14 ಟ್ಯಾಂಕುಗಳನ್ನು ಕೂರಿಸಿ, 1944ರ ಮಾರ್ಚ್ 1ರಂದು ಉತ್ಪಾದನೆ ಆರಂಭಿಸಿದರು. ಆ ಜೂನ್‌ನಲ್ಲಿ ನಾರ್ಮಂಡಿಯ ದಡಕ್ಕೆ ಸೈನಿಕರೊಂದಿಗೆ ಹೋದ ಪೆನಿಸಿಲಿನ್‌ನಲ್ಲಿ ಬಹುಪಾಲು ಫೈಜರ್‌ನದು. ಇದರಲ್ಲಿ ಸರ್ಕಾರದ ಪ್ರಯೋಗಾಲಯಗಳ ಕೊಡುಗೆಯನ್ನು ಮರೆಯಬಾರದು: ಇಳುವರಿ ಹೆಚ್ಚಿಸಿದ ಮೆಕ್ಕೆಜೋಳದ ದ್ರವವೂ ಕರಬೂಜದ ಹಣ್ಣಿನ ಮೇಲೆ ಸಿಕ್ಕ ಉತ್ತಮ ತಳಿಯೂ ಅಮೆರಿಕದ ಪಿಯೋರಿಯ ನಗರದ ಕೃಷಿ ಸಂಶೋಧನಾಲಯದಿಂದ ಬಂದವು.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): ಹಾಗಾದರೆ ಯುದ್ಧ ಮುಗಿದ ಮೇಲೆ ಲಾಭ ಹರಿದು ಬಂದಿರಬೇಕಲ್ಲವೇ?

ಉತ್ತರ: ಬಹಳ ಕಾಲ ಇಲ್ಲ. ತಯಾರಕರು ಅನೇಕರಿದ್ದುದರಿಂದ, 1943ರಲ್ಲಿ ಒಂದು ಲಕ್ಷ ಯೂನಿಟ್‌ಗೆ 20 ಡಾಲರ್ ಇದ್ದ ಬೆಲೆ 1946ಕ್ಕೆ ಒಂದು ಡಾಲರಿಗಿಂತ ಕೆಳಗಿಳಿಯಿತು. ಇದಕ್ಕಿಂತ ಕಸಿವಿಸಿಯ ಸಂಗತಿಯೆಂದರೆ, ಫೈಜರ್ ಸಗಟಾಗಿ ಮಾರಿದ ಮಾಲನ್ನು ಬೇರೆಯವರು ತಮ್ಮ ಹೆಸರಿನ ಸೀಸೆಗಳಲ್ಲಿ ತುಂಬಿ ಲಾಭ ಮಾಡಿಕೊಳ್ಳುತ್ತಿದ್ದರು. ಆದ್ದರಿಂದ ಕಂಪನಿಗೆ ತನ್ನದೇ ಪೇಟೆಂಟಿನ, ತನ್ನದೇ ಹೆಸರಿನ ಔಷಧ ಬೇಕಾಯಿತು. ಹಲವು ದೇಶಗಳಿಂದ ತರಿಸಿದ ಮಣ್ಣಿನ ಮಾದರಿಗಳನ್ನು ಸಾವಿರಗಟ್ಟಲೆ ಜಾಲಾಡಿದಾಗ ದೊರೆತದ್ದು ಆಕ್ಸಿಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ. ಟೆರಾಮೈಸಿನ್ ಎಂಬ ಹೆಸರಿನಲ್ಲಿ 1950ರ ಮಾರ್ಚ್‌ನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಆಗ ಕಂಪನಿಯ ಅಧ್ಯಕ್ಷರಾಗಿದ್ದವರು ಅದೇ ಮೆಕೀನ್. ವೈದ್ಯರನ್ನು ನೇರವಾಗಿ ಕಂಡು ಪ್ರಚಾರ ಮಾಡಲು ಬೆರಳೆಣಿಕೆಯಷ್ಟೇ ಇದ್ದ ಪ್ರತಿನಿಧಿಗಳ ದಳವನ್ನು ಅವರು ಕೆಲವೇ ವರ್ಷಗಳಲ್ಲಿ ಬಹಳ ದೊಡ್ಡದಾಗಿಸಿದರು. ಇಂದಿನ ‘ಮೆಡಿಕಲ್ ರೆಪ್’ ವ್ಯವಸ್ಥೆ ಆ ದಶಕದಲ್ಲಿ ಬಲಗೊಂಡದ್ದರಲ್ಲಿ ಈ ಪೈಪೋಟಿಯ ಪಾಲು ದೊಡ್ಡದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಟೆಟ್ರಾಸೈಕ್ಲಿನ್ ಬಗ್ಗೆ ದೊಡ್ಡ ಮೊಕದ್ದಮೆ ನಡೆದಿತ್ತಲ್ಲವೇ? ಭಾರತಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ?

ಉತ್ತರ: ನಡೆದಿತ್ತು. ಫೈಜರ್‌ನ ಪ್ರತಿಸ್ಪರ್ಧಿ ಲೆಡರ್ಲಿಯಲ್ಲಿ ಬೆಂಜಮಿನ್ ಡಗರ್ ಕಂಡುಹಿಡಿದ ಆರಿಯೊಮೈಸಿನ್ ಎಂಬ ಪ್ರತಿಜೀವಕ 1948ರಲ್ಲಿ ಬಂದಿತ್ತು (ಅಲ್ಲಿನ ಸಂಶೋಧನೆಯ ನಿರ್ದೇಶಕರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್). ಆ ಅಣುವಿನಿಂದ ಕ್ಲೋರಿನ್ ತೆಗೆದು ಟೆಟ್ರಾಸೈಕ್ಲಿನ್ ಮಾಡಿದವರು ಫೈಜರ್‌ನ ಲಾಯ್ಡ್ ಕೋನೋವರ್; 1955ರಲ್ಲಿ ಪೇಟೆಂಟ್ ಸಿಕ್ಕಿತು. ನಿಸರ್ಗದತ್ತ ಪ್ರತಿಜೀವಕವನ್ನು ರಾಸಾಯನಿಕವಾಗಿ ಮಾರ್ಪಡಿಸಿಯೂ ಉತ್ತಮ ಔಷಧ ಪಡೆಯಬಹುದೆಂದು ತೋರಿದ್ದು ವಿಜ್ಞಾನದ ದೃಷ್ಟಿಯಿಂದ ದೊಡ್ಡದು. ಆದರೆ ಕೆಲವೇ ಕಂಪನಿಗಳು ಪೇಟೆಂಟನ್ನು ತಮ್ಮೊಳಗೆ ಹಂಚಿಕೊಂಡು ಬೆಲೆಯನ್ನು ಎತ್ತರದಲ್ಲೇ ಹಿಡಿದಿವೆಯೆಂಬ ಆರೋಪ ಬಂದು, ಅಮೆರಿಕದ ವ್ಯಾಪಾರ ಆಯೋಗವೂ ನ್ಯಾಯಾಲಯಗಳೂ ವರ್ಷಗಟ್ಟಲೆ ಅದನ್ನು ವಿಚಾರಿಸಿದವು. 1967ರಲ್ಲಿ ಕೆಳ ನ್ಯಾಯಾಲಯದಲ್ಲಿ ಸಾಬೀತಾದ ಅಪರಾಧ ಮೇಲ್ಮನವಿಯಲ್ಲಿ ನಿಲ್ಲಲಿಲ್ಲವಾದ್ದರಿಂದ, ಅದನ್ನು ಸಿದ್ಧವಾದ ಸತ್ಯವೆಂದು ಬರೆಯುವಂತಿಲ್ಲ.

ಔಷಧಗಳ ಬೆಲೆಯ ಬಗ್ಗೆ 1959ರಿಂದ ವಿಚಾರಣೆ ನಡೆಸಿದ ಅಮೆರಿಕದ ಸೆನೆಟರ್ ಕೀಫಾವರ್ ಸಮಿತಿಯು, ಔಷಧಗಳು ಅತಿ ದುಬಾರಿಯಾಗಿರುವ ದೇಶಗಳಲ್ಲಿ ಭಾರತವೂ ಒಂದು ಎಂದು ಗುರುತಿಸಿತು. ಆ ಮಾತು ನಮ್ಮಲ್ಲಿ ಪೇಟೆಂಟ್ ಕಾಯ್ದೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಂಡಿತು. 1970ರ ಕಾಯ್ದೆಯು ಔಷಧ ವಸ್ತುವಿಗೆ ಪೇಟೆಂಟ್ ನಿರಾಕರಿಸಿ, ತಯಾರಿಕೆಯ ವಿಧಾನಕ್ಕೆ ಮಾತ್ರ ಅದನ್ನು ಉಳಿಸಿತು.