ಲಾರಿ ಹಾಯ್ದು ಅಣ್ಣನ ಕಾಲು ಹೋಯ್ತು, ಮಾಲೀಕ ದುಡ್ಡು ಕೊಡ್ತೀನಿ ಅಂತಾನೆ

ಪ್ರಶ್ನೆ, ಮುಧೋಳ:
ನಮ್ಮಣ್ಣ ಗೌಂಡಿ. ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಲಾರಿ ಹಾಯ್ದು ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಾಲ್ಕು ತಿಂಗಳಾಯ್ತು. ಅಂಗವಿಕಲತೆ ಸರ್ಟಿಫಿಕೇಟಿನಲ್ಲಿ 60% ಅಂತಿದೆ. ಮಾಲೀಕ ಮನೆಗೆ ಬಂದು ‘ಕೋರ್ಟು ಬೇಡ, ಕೈಗೆ ತಗೊಳ್ಳಿ’ ಅನ್ನುತ್ತಾನೆ. ಅಣ್ಣ ರಾತ್ರಿ ಎದ್ದು, ಇಲ್ಲದ ಹೆಬ್ಬೆರಳು ತುರಿಸುತ್ತಿದೆ ಅಂತಾನೆ. ನಾನು ಸುಮ್ನೆ ಹಾಸಿಗೆ ಕೆರೆಯುತ್ತೇನೆ. ಏನು ಮಾಡಲಿ?

ಉತ್ತರ, ಬಾಗಲಕೋಟೆ:
ಯಾವ ಕಾಗದಕ್ಕೂ ಸಹಿ ಹಾಕಬೇಡ ತಮ್ಮಾ. ಮೋಟಾರು ವಾಹನ ಕಾಯ್ದೆಯ 166ನೇ ಕಲಂನಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿ. ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಅಂತ ಕಾಯ್ದೆಯಲ್ಲಿದೆ, ತಡ ಮಾಡಬೇಡಿ. ಎಫ್‌ಐಆರ್, ಬಿಲ್ಲು ಇಟ್ಟಿದ್ದೀರಿ ಅಲ್ವಾ? 60% ಅಷ್ಟೇ ಲೆಕ್ಕವಲ್ಲ. ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ಮನುಷ್ಯನ ದುಡಿಮೆ ಎಷ್ಟು ಹೋಯ್ತು ಅಂತ ನೋಡಬೇಕು ಎಂದಿದೆ. ಕುರ್ಚಿಯಲ್ಲಿ ಕೂರುವವನಿಗೂ ಗೋಡೆ ಹತ್ತುವ ಗೌಂಡಿಗೂ ಒಂದೇ ಆಗುತ್ತಾ?

ಉತ್ತರ, ವಿಜಯಪುರ:
ನನ್ನದೂ ಬಲಗಾಲು ಹೋಗಿದೆ. ಹಾಸಿಗೆ ಕೆರೆದರೆ ಆಗಲ್ಲ. ಎರಡು ಕಾಲಿನ ನಡುವೆ ಉದ್ದ ಕನ್ನಡಿ ನಿಲ್ಲಿಸಿ, ಇರುವ ಕಾಲನ್ನು ಅದರಲ್ಲಿ ನೋಡುತ್ತಾ ಹೆಬ್ಬೆರಳು ಕೆರೆಯಲಿ. ನಾವು ಬೀರುವಿನ ಬಾಗಿಲೇ ಕಿತ್ತಿದ್ದೆವು. ನಗು ಬಂತು, ತುರಿಕೆಯೂ ಇಳಿಯಿತು. ಇನ್ನೊಂದು, ಬಾವು ಪೂರ್ತಿ ಇಳಿಯದೆ ಜೈಪುರ ಕಾಲಿಗೆ, ಅಂದ್ರೆ ಕೃತಕ ಕಾಲಿಗೆ, ಅಳತೆ ಕೊಡಬೇಡಿ, ಆಮೇಲೆ ಸಡಿಲಾಗುತ್ತದೆ.

ಮುಧೋಳ:
ಬೀರು ಇಲ್ಲ ಅಣ್ಣಾರ. ಕಟಿಂಗ್ ಅಂಗಡಿಯ ಗೆಳೆಯನಿಗೆ ಕನ್ನಡಿ ಕೇಳಿದ್ದೇನೆ. ಮಾಲೀಕ ಸೋಮವಾರ ಬರುತ್ತಾನಂತೆ. ಚಹಾ ಕುಡಿಸಿ ಕಳಿಸುತ್ತೇನೆ.