ಸಹಾಯ ಬೇಕು: ಮಂತ್ರಿಯ ಹೆಂಡತಿಯ ಮಾತನ್ನು ಓದುಗರು ಎಲ್ಲಿಯವರೆಗೆ ನಂಬಬೇಕು?

ಎಲ್ಲರಿಗೂ ನಮಸ್ಕಾರ. ಸೈಕಲಾಜಿಕಲ್ ಥ್ರಿಲ್ಲರ್ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ, ಅರ್ಧಕ್ಕೆ ನಿಂತುಬಿಟ್ಟಿದೆ. ಗಂಡ ಗೃಹಮಂತ್ರಿ, ಕಥೆ ಹೇಳುವವಳು ಹೆಂಡತಿ. ತನ್ನ ಫೋನ್ ಕದ್ದಾಲಿಸುತ್ತಿದ್ದಾರೆ, ಮನೆಯ ಭದ್ರತಾ ಸಿಬ್ಬಂದಿ ಕಾಯುತ್ತಿರುವುದು ತನ್ನನ್ನೇ ಎಂದು ಅವಳ ಅನುಮಾನ. ಗಂಡನದು ಒಂದೇ ಉತ್ತರ: ‘ನಿನಗೆ ಸ್ವಲ್ಪ ವಿಶ್ರಾಂತಿ ಬೇಕು ಕಣೇ.’

ಇದೆಲ್ಲ ಅತಿಯಾಯ್ತು ಅನ್ನುವವರು ಮಾರ್ಥಾ ಮಿಚೆಲ್ ಬಗ್ಗೆ ಓದಿ. ಗಂಡ ಜಾನ್ ಮಿಚೆಲ್ ಅಮೆರಿಕದ ಅಟಾರ್ನಿ ಜನರಲ್ ಆಗಿದ್ದವರು, 1972ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥರು. ವಾಟರ್‌ಗೇಟ್ ಕಳ್ಳತನದ (ನಿಕ್ಸನ್ ಕಡೆಯವರು ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಪ್ರಕರಣ) ಬೆನ್ನಿಗೇ ಮಾರ್ಥಾ ಪತ್ರಕರ್ತೆಯೊಬ್ಬರಿಗೆ ಫೋನ್ ಮಾಡಿದಾಗ ಕಾವಲಿಗಿದ್ದವನೇ ತಂತಿ ಕಿತ್ತುಹಾಕಿದ, ಹೋಟೆಲ್ ಕೋಣೆಯಿಂದ ಹೊರಗೆ ಬಿಡಲಿಲ್ಲ. ಕುಡುಕಿ, ತಲೆ ಕೆಟ್ಟವಳು ಎಂದು ಸುದ್ದಿ ಹಬ್ಬಿಸಿದರು. ಆಕೆಯ ಮಾತು ಬಹುಮಟ್ಟಿಗೆ ನಿಜವೆಂದು 1975ರಲ್ಲಿ ಒಪ್ಪಿಕೊಂಡದ್ದು ಆ ಕಳ್ಳತನದಲ್ಲಿ ಸಿಕ್ಕಿಬಿದ್ದಿದ್ದ ಜೇಮ್ಸ್ ಮೆಕಾರ್ಡ್!

ನನ್ನ ತೊಡಕು ಬೇರೆ. ನನ್ನ ಮಂತ್ರಿಗೆ ಹೆಂಡತಿಯ ಮೇಲಿರುವ ಸಂಶಯವೂ ಪೂರ್ತಿ ಸುಳ್ಳಲ್ಲ. ಹೆಂಡತಿ ಒಮ್ಮೆ ವಿರೋಧ ಪಕ್ಷದವರಿಗೆ ಒಂದು ಕಡತ ದಾಟಿಸಿದ್ದಾಳೆ, ಓದುಗರಿಗೆ ಹೇಳಿಲ್ಲ. ಕಥೆ ಹೇಳುವವಳೇ ಇಷ್ಟು ದೊಡ್ಡದನ್ನು ಮುಚ್ಚಿಟ್ಟರೆ ಓದುಗರಿಗೆ ಮೋಸವಾದಂತೆ ಅನಿಸುತ್ತದೆಯೇ? ಮೊದಲೇ ಸುಳಿವು ಬಿಟ್ಟರೆ ಕುತೂಹಲ ಸತ್ತುಹೋಗುತ್ತದೆ. ಅವಳ ಡೈರಿಯ ಜೆರಾಕ್ಸ್ ಪ್ರತಿ ಗಂಡನ ಮೇಜಿನಲ್ಲಿ ಸಿಗುವ ದೃಶ್ಯ ಬರೆದಿಟ್ಟಿದ್ದೇನೆ, ಅದನ್ನು ಗುಟ್ಟು ಬಯಲಾಗುವ ಮೊದಲು ಇಡಲೋ ಆಮೇಲೋ?

ಮಂತ್ರಿಗಳ ಮನೆಯ ಭದ್ರತೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಇನ್ನೊಂದು ಪ್ರಶ್ನೆ: ಬಂದುಹೋಗುವವರ ದಾಖಲೆ ಪುಸ್ತಕವನ್ನು ಮನೆಯವರು ಕೇಳಿದರೆ ತೋರಿಸುತ್ತಾರಾ? ಒಂದೆರಡು ಅಧ್ಯಾಯ ಓದಿ ಮುಲಾಜಿಲ್ಲದೆ ಬೈಯುವವರಿದ್ದರೂ ದಯವಿಟ್ಟು ತಿಳಿಸಿ, ಕಳಿಸುತ್ತೇನೆ.